‘ಟ್ಯೂಸ್‌ಡೇ ವೀಕ್’ ಅಂದರೆ ಯಾವ ಮಂಗಳವಾರ?

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಂದು ಹಲ್ಲಿನ ಕ್ಲಿನಿಕ್‌ನ ರಿಸೆಪ್ಷನ್‌ಗೆ ಆಗಷ್ಟೇ ಸೇರಿದ್ದೆ. ಅವತ್ತು ಗುರುವಾರ, 6ನೇ ತಾರೀಖು. ವಯಸ್ಸಾದ ಒಬ್ಬರು ಫೋನ್ ಮಾಡಿ ‘ಟ್ಯೂಸ್‌ಡೇ ವೀಕ್’ಗೆ ಅಪಾಯಿಂಟ್‌ಮೆಂಟ್ ಕೇಳಿದರು. ಬರುವ ವಾರದ ಮಂಗಳವಾರ ಅಂದುಕೊಂಡು 11ಕ್ಕೆ ಬರೆದೆ. 11ಕ್ಕೆ ಅವರು ಬರಲೇ ಇಲ್ಲ. 18ಕ್ಕೆ ಊರುಗೋಲು ಹಿಡಿದು, ಎರಡು ಬಸ್ಸು ಬದಲಿಸಿ, ಸರಿಯಾದ ಹೊತ್ತಿಗೆ ಬಂದು ನಿಂತರು. ಅವತ್ತು ಜಾಗವೇ ಇರಲಿಲ್ಲ. ನನಗೆ ತುಂಬ ಬೇಜಾರಾಯಿತು.

ಬ್ರಿಟನ್ನಿನಲ್ಲಿ ‘ಟ್ಯೂಸ್‌ಡೇ ವೀಕ್’ ಅಂದರೆ ಬರುವ ಮಂಗಳವಾರ ಅಲ್ಲ, ಅದಾಗಿ ಇನ್ನೊಂದು ವಾರ ಕಳೆದ ಮೇಲಿನದು. ‘ಎ ವೀಕ್ ಆನ್ ಟ್ಯೂಸ್‌ಡೇ’ ಅಂದರೂ ಅದೇ ದಿನ. ಅಮೆರಿಕದವರು ಸಾಮಾನ್ಯವಾಗಿ ‘ಎ ವೀಕ್ ಫ್ರಮ್ ಟ್ಯೂಸ್‌ಡೇ’ ಅನ್ನುತ್ತಾರೆ.

ನನ್ನ ಇನ್ನೊಂದು ತಪ್ಪು ಕನ್ನಡದಿಂದಲೇ ಬಂದದ್ದು. ನಾವು ವಾರಕ್ಕೆ ‘ಎಂಟು ದಿನ’, ಎರಡು ವಾರಕ್ಕೆ ‘ಹದಿನೈದು ದಿನ’ ಅನ್ನುತ್ತೇವೆ ಅಲ್ವಾ? ಈ ಮಂಗಳವಾರ, ಆ ಮಂಗಳವಾರ, ಎರಡನ್ನೂ ಸೇರಿಸಿ ಎಣಿಸುತ್ತೇವೆ. ಅದೇ ರೂಢಿಯಲ್ಲಿ ಒಂದು ಮಂಗಳವಾರ ಒಬ್ಬರಿಗೆ ‘ಫಿಫ್ಟೀನ್ ಡೇಸ್’ ಬಿಟ್ಟು ಬನ್ನಿ ಅಂದೆ. ಅವರು ಬುಧವಾರ ಬಂದರು! ಇಂಗ್ಲಿಷಿನಲ್ಲಿ ಇವತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾಳೆಯಿಂದ ಒಂದು. ಅವರ ಲೆಕ್ಕ ಸರಿಯಾಗೇ ಇತ್ತು. ಎರಡು ವಾರಕ್ಕೆ ಇಲ್ಲಿನವರು ‘ಫೋರ್ಟ್‌ನೈಟ್’ ಅನ್ನುತ್ತಾರೆ. ಹದಿನಾಲ್ಕು ರಾತ್ರಿ ಅನ್ನುವ ಹಳೆಯ ಮಾತೇ ಸವೆದು ಹಾಗಾಗಿದೆ. ಏಳು ರಾತ್ರಿಗೆ ‘ಸೆನೈಟ್’ ಅಂತಲೂ ಇತ್ತು, ಈಗ ಯಾರೂ ಬಳಸುವುದಿಲ್ಲ. ನಾವು ಹಗಲು ಎಣಿಸಿದೆವು, ಅವರು ರಾತ್ರಿ ಎಣಿಸಿದರು. ಅದಕ್ಕೇ ನಮ್ಮದು ಹದಿನೈದು, ಅವರದು ಹದಿನಾಲ್ಕು. ಇದು ಹೊಳೆದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

‘ಇನ್ ಟೂ ವೀಕ್ಸ್’ ಅನ್ನುವಾಗಲೂ ಹುಷಾರಾಗಿರಬೇಕು. ‘ಎರಡು ವಾರದಲ್ಲಿ ಮುಗಿಸ್ತೀನಿ’ ಅಂದರೆ ನಮಗೆ ಅಷ್ಟರೊಳಗೆ ಯಾವತ್ತಾದರೂ ಸರಿ. ಡಾಕ್ಟರು ‘ಸೀ ಯೂ ಇನ್ ಟೂ ವೀಕ್ಸ್’ ಅಂದರೆ ಎರಡು ವಾರ ಕಳೆದ ಮೇಲೆ ಬನ್ನಿ ಅಂತ. ಅಷ್ಟರೊಳಗೆ ಅನ್ನಬೇಕಾದರೆ ‘ವಿದಿನ್’ ಬಳಸುತ್ತೇನೆ.

ಬರೆಯುವಾಗ ಒಂದು ವಿಷಯ ನೆನಪಿಟ್ಟುಕೊಂಡಿದ್ದೇನೆ. ‘ಎ ಟೂ-ವೀಕ್ ಕೋರ್ಸ್’ ಅನ್ನುವಾಗ ವೀಕ್‌ಗೆ ಎಸ್ ಸೇರಿಸಬಾರದು, ನಡುವೆ ಅಡ್ಡಗೆರೆ ಬೇಕು. ‘ಟೂ ವೀಕ್ಸ್ ಲೀವ್’ ಅನ್ನುವಾಗ ಎಸ್ ಬೇಕು, ಆ ಎಸ್ ಆದಮೇಲೆ ಒಂದು ಅಪಾಸ್ಟ್ರಫಿಯೂ (’) ಬೇಕು.

‘ನೆಕ್ಸ್ಟ್ ಫ್ರೈಡೇ’ ಮಾತ್ರ ಇಲ್ಲಿ ಹುಟ್ಟಿ ಬೆಳೆದವರನ್ನೂ ಗೊಂದಲಕ್ಕೆ ಕೆಡವುತ್ತದೆ. ಸೋಮವಾರ ಆ ಮಾತು ಹೇಳಿದರೆ ಕೆಲವರಿಗೆ ಇದೇ ವಾರದ ಶುಕ್ರವಾರ, ಇನ್ನು ಕೆಲವರಿಗೆ ಅದರ ಮುಂದಿನದು. ‘ಬೈವೀಕ್ಲಿ’ಯೂ ಹಾಗೇ. ವಾರಕ್ಕೆರಡು ಸಲ ಅನ್ನುವ ಅರ್ಥವೂ ಇದೆ, ಎರಡು ವಾರಕ್ಕೊಮ್ಮೆ ಅನ್ನುವುದೂ ಇದೆ. ಈ ಎರಡು ಮಾತನ್ನು ನಾನು ಬಾಯಿಗೇ ತರುವುದಿಲ್ಲ. ಯಾರಾದರೂ ಹೇಳಿದರೆ ಕ್ಯಾಲೆಂಡರ್ ಮೇಲೆ ಬೆರಳಿಟ್ಟು, ‘ಫ್ರೈಡೇ ದ ಫೋರ್ಟೀನ್ತ್, ಈಸ್ ದಟ್ ರೈಟ್?’ ಅಂತ ಕೇಳುತ್ತೇನೆ. ಅವರು ಹೂಂ ಅಂದಮೇಲೆಯೇ ಬರೆಯುವುದು.