ಚಾಕಿ ದುಡ್ಡು: ಶಿಡ್ಲಘಟ್ಟದಲ್ಲಿ ಕ್ಲಿನಿಕ್ ಇಟ್ಟ ಮೇಲೆ ನಾನು ಕಲಿತ ಲೆಕ್ಕ

2019ರ ಜುಲೈ. ಶಿಡ್ಲಘಟ್ಟದಲ್ಲಿ ಕ್ಲಿನಿಕ್ ತೆರೆದು ಎರಡು ತಿಂಗಳಾಗಿತ್ತು. ಬಿ.ಪಿ. ತುಂಬಾ ಏರಿದ್ದ ಒಬ್ಬ ಹೆಂಗಸಿಗೆ "ಇವತ್ತೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಡ್ಮಿಟ್ ಆಗಿ" ಎಂದೆ. "ಆಗಲ್ಲ ಮೇಡಂ, ಮನೇಲಿ ನಾಲ್ಕನೇ ಜ್ವರಕ್ಕೆ ಕೂತವೆ" ಅಂದರು. ನನಗೆ ಗಾಬರಿ. ಮನೆಯಲ್ಲಿ ನಾಲ್ಕು ಮಕ್ಕಳಿಗೆ ಜ್ವರವಾ? ಡೆಂಗ್ಯೂನಾ? ನನ್ನ ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಅದು ರೇಷ್ಮೆ ಹುಳದ ಜ್ವರ. ಹುಳ ಪೊರೆ ಕಳಚುವ ಮೊದಲು ಸೊಪ್ಪು ಬಿಟ್ಟು ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಗಲು ರಾತ್ರಿ ತಿನ್ನುತ್ತದೆ. ಆ ಒಂದು ವಾರ ಮನೆಯವರು ಕದಲುವ ಹಾಗಿಲ್ಲ. ಮಾತ್ರೆ ಶುರು ಮಾಡಿ, ದಿನಾ ಸಂಜೆ ಬಂದು ತೋರಿಸಬೇಕು ಎಂದು ಒಪ್ಪಿಸಿ ಕಳಿಸಿದೆ. ಬಂದರು, ಬಿ.ಪಿ.ಯೂ ಇಳಿಯಿತು.

ಎರಡು ವಾರದ ಮೇಲೆ ಗೂಡು ಮಾರಿ ಬಾಕಿ ಕೊಡಲು ಬಂದರು. ಸೆರಗಿನಲ್ಲಿ ಒಂದು ಕಟ್ಟು, ಬಟ್ಟೆಯ ಪುಟ್ಟ ಚೀಲದಲ್ಲಿ ಇನ್ನೊಂದು. ನನಗೆ ಕೊಟ್ಟಿದ್ದು ಸೆರಗಿನದು. ಚೀಲದ ಕಡೆ ನಾನು ನೋಡಿದ್ದನ್ನು ಕಂಡು "ಅದು ಚಾಕಿ ದುಡ್ಡು, ಮುಟ್ಟಂಗಿಲ್ಲ" ಅಂದರು. ಮುಂದಿನ ಬೆಳೆಗೆ ಚಾಕಿ ಕೇಂದ್ರದಿಂದ ಮರಿಹುಳ ತರುವ ದುಡ್ಡು. ಗೂಡು ಮಾರಿದ ತಕ್ಷಣ ಮೊದಲು ಅದನ್ನು ಎತ್ತಿಡುತ್ತಾರಂತೆ. ಅಂಗಡಿ ಸಾಲ, ಮಗಳ ಫೀಸು, ಡಾಕ್ಟರ ಬಾಕಿ ಎಲ್ಲ ಆಮೇಲೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಬಿಬಿಎಸ್ ಮಾಡಿದ ನನ್ನ ಹತ್ತಿರ ಎತ್ತಿಟ್ಟ ದುಡ್ಡು ಅಂತ ಒಂದು ರೂಪಾಯಿ ಇರಲಿಲ್ಲ.

ಆಗಿನ ನನ್ನ ಲೆಕ್ಕ ಇದು. ಕಾರಿಗೆ 8 ಲಕ್ಷ ಸಾಲ, ಐದು ವರ್ಷಕ್ಕೆ, ತಿಂಗಳ ಕಂತು 17 ಸಾವಿರ. ಓದಿನ ಸಾಲದ ಕಂತು 11 ಸಾವಿರ. ಕ್ಲಿನಿಕ್ ಬಾಡಿಗೆ 7 ಸಾವಿರ, ನರ್ಸ್‌ಗೆ 8 ಸಾವಿರ. ಒಟ್ಟು 43 ಸಾವಿರ. ಬರುತ್ತಿದ್ದಿದ್ದು? ದಿನಕ್ಕೆ 15 ರೋಗಿಗಳು, ತಲೆಗೆ 100 ರೂಪಾಯಿ, ತಿಂಗಳಿಗೆ 26 ದಿನ. 39 ಸಾವಿರ. ಊಟ, ಕರೆಂಟು, ಹತ್ತಿ, ಸಿರಿಂಜು ಯಾವುದನ್ನೂ ಸೇರಿಸುವ ಮೊದಲೇ 4 ಸಾವಿರ ಖೋತಾ. ಇದನ್ನು ಕಾಗದದ ಮೇಲೆ ಬರೆದಿದ್ದೇ ಅವತ್ತು ಮೊದಲ ಸಲ. ಎಂಬಿಬಿಎಸ್‌ನಲ್ಲಿ ಕಿಡ್ನಿಯ ಒಂದೊಂದು ನಾಳದ ಲೆಕ್ಕ ಕಲಿಸುತ್ತಾರೆ, ಇದನ್ನು ಯಾರೂ ಕಲಿಸುವುದಿಲ್ಲ.

ಕಾರು ಯಾಕೆ ಬೇಕಿತ್ತು ಎಂದು ಕೇಳಬೇಡಿ. "ಡಾಕ್ಟರಮ್ಮ ಸ್ಕೂಟಿಯಲ್ಲಿ ಬಂದರೆ ಯಾರು ನಂಬುತ್ತಾರೆ" ಎಂದು ಮನೆಯವರು, ನೆಂಟರು, ನಾನೂ ಸೇರಿ ತೀರ್ಮಾನಿಸಿದ್ದೆವು. ಆಮೇಲೆ ನೋಡಿದರೆ ನನ್ನ ರೋಗಿಗಳಲ್ಲಿ ಅರ್ಧ ಜನ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕದವರು. ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳ ಸಂದಿಯಲ್ಲಿ ಹುಣ್ಣಾದವರು, ಹಬೆಗೆ, ವಾಸನೆಗೆ ಉಬ್ಬಸ ಬಂದವರು. ನಾನು ಯಾವುದರಲ್ಲಿ ಬಂದೆ ಎಂದು ಅವರಲ್ಲಿ ಒಬ್ಬರೂ ಬಗ್ಗಿ ನೋಡಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದಿರುತ್ತದಾ ಎಂದಷ್ಟೇ ನೋಡಿದರು. ಕಾರನ್ನು ಆ ವರ್ಷದ ಕೊನೆಗೆ ನಷ್ಟಕ್ಕೆ ಮಾರಿ ಸಾಲ ಮುಗಿಸಿದೆ. ಅಮ್ಮ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ನನ್ನ ಮೊದಲ ಚಾಕಿ ದುಡ್ಡು ಬಂದಿದ್ದು ನಾನು ಎಣಿಸದ ಕಡೆಯಿಂದ. ಕ್ಲಿನಿಕ್‌ಗೆ ಮೊದಲು ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೆ. ತಿಂಗಳಿಗೆ 50 ಸಾವಿರ ಎಂದಿದ್ದರು, ಕೈಗೆ 45 ಬರುತ್ತಿತ್ತು. 5 ಸಾವಿರ ಟಿಡಿಎಸ್, ಅಂದರೆ ದುಡ್ಡು ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ. ನಾನು ಅದನ್ನು ಟ್ಯಾಕ್ಸ್ ಕಟ್ಟಿ ಮುಗಿಯಿತು ಎಂದುಕೊಂಡಿದ್ದೆ. ಚಿಕ್ಕಬಳ್ಳಾಪುರದ ಆಡಿಟರ್ ಒಬ್ಬರು ಕಾಗದ ನೋಡಿ "ನೀವು ನೌಕರರೇ ಅಲ್ಲ" ಅಂದರು. ಕರಾರಿನಲ್ಲಿ ನಾನು ಕನ್ಸಲ್ಟೆಂಟ್. ಅದಕ್ಕೇ ಪಿಎಫ್ ಇಲ್ಲ, ಸಂಬಳ ಸಹಿತ ರಜೆ ಇಲ್ಲ, ವೃತ್ತಿ ಶುಲ್ಕ ಎಂದು 10 ಪರ್ಸೆಂಟ್ ಹಿಡಿದಿದ್ದಾರೆ. ಆದರೆ ಇದರಲ್ಲೊಂದು ಅನುಕೂಲವೂ ಇತ್ತು. ಆಗಿನ ಕಾಯ್ದೆಯ ಸೆಕ್ಷನ್ 44ಎಡಿಎ ಪ್ರಕಾರ ಡಾಕ್ಟರಂಥ ವೃತ್ತಿಯವರು ವರ್ಷದ ಆದಾಯ 50 ಲಕ್ಷದೊಳಗಿದ್ದರೆ, ಅದರ ಅರ್ಧವನ್ನು ಲಾಭ ಎಂದು ತೋರಿಸಿದರೆ ಸಾಕು. ಖರ್ಚಿನ ರಸೀದಿ ಗುಡ್ಡೆ ಹಾಕಬೇಕಿಲ್ಲ. 2018-19ರಲ್ಲಿ ನನ್ನದು 6 ಲಕ್ಷ. ಅರ್ಧ ಎಂದರೆ 3 ಲಕ್ಷ. ಎರಡೂವರೆ ಲಕ್ಷದ ಮೇಲಿನ 50 ಸಾವಿರಕ್ಕೆ 5 ಪರ್ಸೆಂಟ್, 2,500 ರೂಪಾಯಿ. ಕಡಿಮೆ ಆದಾಯದವರಿಗೆ ಬಿಡುವ ರಿಬೇಟ್ ಅದಕ್ಕೂ ಸಿಕ್ಕಿತು. ಟ್ಯಾಕ್ಸ್ ಸೊನ್ನೆ. ಹಿಡಿದ 60 ಸಾವಿರವೂ ವಾಪಸ್!

ಅದರ ಹಿಂದಿನ ವರ್ಷದ ಆರು ತಿಂಗಳದ್ದು 30 ಸಾವಿರ ಹೋಯಿತು. ರಿಟರ್ನ್ ಹಾಕುವ ಗಡುವು ಮಾರ್ಚ್‌ಗೇ ಮುಗಿದಿತ್ತು. ತಡ ಮನ್ನಿಸಿ ಎಂದು ಅರ್ಜಿ ಹಾಕಬಹುದು ಎಂದರು, ನಾನು ಹಾಕಲಿಲ್ಲ. ಸೋಮಾರಿತನ, ಅಷ್ಟೆ. ಈಗ ಆದಾಯ ತೆರಿಗೆಗೆ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಅದಕ್ಕೆ ನನ್ನ ನಂಬರ್ ಹಿಡಿದುಕೊಂಡು ಹೋಗಬೇಡಿ. ಕರಾರಿಗೆ ಸಹಿ ಹಾಕುವಾಗ ನೀವು ನೌಕರರಾ, ಕನ್ಸಲ್ಟೆಂಟಾ ಎಂದು ಮಾತ್ರ ಕೇಳಿ. ಕನ್ಸಲ್ಟೆಂಟ್ ಎಂದರೆ 50 ಸಾವಿರಕ್ಕೆ ಪಿಎಫ್ ಇಲ್ಲ, ರಜೆ ಇಲ್ಲ, ಅದನ್ನೆಲ್ಲ ನೀವೇ ತುಂಬಿಕೊಳ್ಳಬೇಕು ಎಂದು ಲೆಕ್ಕ ಹಾಕಿಕೊಳ್ಳಿ.

ಆ 60 ಸಾವಿರ ಬೇರೆ ಬ್ಯಾಂಕ್‌ನಲ್ಲಿ ಖಾತೆ ತೆರೆದು ಹಾಕಿದೆ. ಎಟಿಎಂ ಕಾರ್ಡ್ ತೆಗೆದುಕೊಳ್ಳಲಿಲ್ಲ. ಕ್ಲಿನಿಕ್‌ನ ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡ್ ಅಲ್ಲಿಯವರೆಗೆ ನನ್ನ ಸ್ವಂತ ಖಾತೆಯದು. ಸಂಜೆ ರೋಗಿ ಹಾಕಿದ 100 ರೂಪಾಯಿಯಲ್ಲೇ ರಾತ್ರಿ ಟೊಮೆಟೊ ಬರುತ್ತಿತ್ತು. ಅದನ್ನು ಕಿತ್ತು ಕ್ಲಿನಿಕ್ ಹೆಸರಿನ ಖಾತೆಯ ಕೋಡ್ ಅಂಟಿಸಿದೆ. ಆಮೇಲೆ ನನಗೆ ನಾನೇ ಸಂಬಳ ಕೊಟ್ಟುಕೊಳ್ಳಲು ಶುರು ಮಾಡಿದೆ. ಮೊದಲ ವರ್ಷ ತಿಂಗಳಿಗೆ 15 ಸಾವಿರ. ನಗಬೇಡಿ. ತಿಂಗಳ 1ನೇ ತಾರೀಕು ಮೊದಲು ಚಾಕಿ ಖಾತೆಗೆ, ಆಮೇಲೆ ಬಾಡಿಗೆ, ನರ್ಸ್, ಕಂತು, ಕೊನೆಗೆ ನಾನು. ಜಾಸ್ತಿ ಬಂದ ತಿಂಗಳೂ ಅಷ್ಟೇ, ಕಡಿಮೆ ಬಂದ ತಿಂಗಳೂ ಅಷ್ಟೇ.

ಈ ಊರಿನಲ್ಲಿ ತಿಂಗಳು ಒಂದೇ ಸಮ ಇರುವುದಿಲ್ಲ, ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮೊಟ್ಟೆ ಒಡೆದು ಗೂಡಾಗಲು ತಿಂಗಳ ಹತ್ತಿರ ಬೇಕು. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟೆಗೆ ಬಿಡುವ ಹೊತ್ತಿನಲ್ಲಿ ಎದೆನೋವಿದ್ದರೂ ಜನ ಬರುವುದಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ರೇಟು ಚೆನ್ನಾಗಿದ್ದರೆ ಆರು ತಿಂಗಳ ಹಳೆಯ ಮೊಣಕಾಲು ನೋವೂ ಬರುತ್ತದೆ. ರೇಟು ಬಿದ್ದರೆ "ಮುಂದಿನ ಬೆಳೆಗೆ ಕೊಡ್ತೀನಿ ಮೇಡಂ". 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಗೂಡಿನ ವ್ಯಾಪಾರವೂ ಕೆಟ್ಟಿತು, ನನ್ನ ಬಾಕಿ ಪುಸ್ತಕವೂ ತುಂಬಿತು. ಕಾರಿನ ಕಂತು ಆಗಲೂ ಇದ್ದಿದ್ದರೆ ಕ್ಲಿನಿಕ್ ಮುಚ್ಚುತ್ತಿದ್ದೆ, ಅನುಮಾನವಿಲ್ಲ.

2021ರಲ್ಲಿ ಮಗು. ಸ್ವಂತ ಕ್ಲಿನಿಕ್ ಇಟ್ಟವರಿಗೆ ಹೆರಿಗೆ ರಜೆ ಕೊಡುವವರು ಯಾರು? ನನ್ನ ಆರೋಗ್ಯ ವಿಮೆಯಲ್ಲಿ ಹೆರಿಗೆ ಖರ್ಚಿಗೆ ಕಾಯುವ ಅವಧಿ ಇನ್ನೂ ಮುಗಿದಿರಲಿಲ್ಲ. ಮದುವೆಗೆ ಮೊದಲೇ ಮಾಡಿಸಿದ್ದರೆ ಸಿಗುತ್ತಿತ್ತು. ಮೂರು ತಿಂಗಳು ಬಾಗಿಲು ಹಾಕಿದೆ. ಬಾಡಿಗೆ, ನರ್ಸ್ ಸಂಬಳ ಸೇರಿ 45 ಸಾವಿರ, ಆಸ್ಪತ್ರೆ ಬಿಲ್ಲು ಬೇರೆ. ಎಲ್ಲ ಚಾಕಿ ಖಾತೆಯಿಂದಲೇ ಹೋಯಿತು. ಯಾರ ಹತ್ತಿರವೂ ಕೈ ಒಡ್ಡಲಿಲ್ಲ. ಹೆಣ್ಣುಮಕ್ಕಳಾದ ಕಿರಿಯ ಡಾಕ್ಟರುಗಳಿಗೆ ನಾನು ಮೊದಲು ಹೇಳುವುದೇ ಈ ಮೂರು ತಿಂಗಳ ಕಥೆ.

ಉಳಿದ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಹತ್ತಿರದ ನೆಂಟರೊಬ್ಬರು ಮಾಡಿಸಿದ, ಉಳಿತಾಯವೂ ಸೇರಿದ ಎಂಡೋಮೆಂಟ್ ಜೀವ ವಿಮೆ ಪಾಲಿಸಿಗೆ ವರ್ಷಕ್ಕೆ 60 ಸಾವಿರ ಕಟ್ಟುತ್ತಿದ್ದೆ. ನಾನು ಸತ್ತರೆ ಬರುವುದು 10 ಲಕ್ಷ. ಅದಕ್ಕಿಂತ ತುಂಬಾ ಕಡಿಮೆ ಪ್ರೀಮಿಯಂಗೆ 1 ಕೋಟಿಯ ಟರ್ಮ್ ಪಾಲಿಸಿ, ಅಂದರೆ ಸತ್ತರೆ ಮಾತ್ರ ದುಡ್ಡು ಬರುವ ವಿಮೆ, ಸಿಕ್ಕಿತು. ಹಳೆಯದನ್ನು ನಷ್ಟಕ್ಕೆ ಬಿಟ್ಟೆ, ನೆಂಟಸ್ತನ ಸ್ವಲ್ಪ ಹುಳಿಯಾಯಿತು. ಸ್ಕ್ಯಾನಿಂಗ್ ಮೆಷಿನ್ ಮಾರುವವನೊಬ್ಬ ಸಾಲದ ಅರ್ಜಿ ಸಮೇತ ಬಂದಿದ್ದ. ಸಹಿ ಹಾಕುವ ಹಿಂದಿನ ದಿನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದ್ದರಿಂದ ಬಚಾವ್. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಇಲ್ಲದೆ ಆ ಮೆಷಿನ್ ಇಡುವಂತಿಲ್ಲ, ನನ್ನಂಥ ಬರೀ ಎಂಬಿಬಿಎಸ್‌ನವರಿಗೆ 6 ತಿಂಗಳ ತರಬೇತಿಯೂ ಬೇಕು. ಅದನ್ನು ಅವನು ಹೇಳಿರಲೇ ಇಲ್ಲ. ಖಾಸಗಿ ಕ್ಲಿನಿಕ್‌ಗಳಿಗೆ ಬೇಕಾದ ಕೆಪಿಎಂಇ ನೋಂದಣಿ, ಹಳದಿ, ಕೆಂಪು, ಬಿಳಿ, ನೀಲಿ ಎಂದು ನಾವು ವಿಂಗಡಿಸಿಟ್ಟ ಆಸ್ಪತ್ರೆ ಕಸ ಒಯ್ಯುವವರ ಜೊತೆ ಒಪ್ಪಂದ, ಇವಕ್ಕೆ ತಗಲುವ ಖರ್ಚನ್ನು ಬಾಡಿಗೆ ಅಡ್ವಾನ್ಸ್ ಕೊಡುವ ಮೊದಲೇ ಎತ್ತಿಡಿ. ರೋಗಿ ಕೇಸು ಹಾಕಿದರೆ ನೆರವಾಗುವ ವೃತ್ತಿ ವಿಮೆಯನ್ನೂ ಬಿಡಬೇಡಿ. 1995ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ದುಡ್ಡು ತೆಗೆದುಕೊಂಡು ನೋಡುವ ಡಾಕ್ಟರ್ ಮೇಲೆ ರೋಗಿ ಗ್ರಾಹಕರ ಕೋರ್ಟಿಗೆ ಹೋಗಬಹುದು.

ಈಗ ದಿನಕ್ಕೆ 40 ಜನ ಬರುತ್ತಾರೆ. ಬಾಡಿಗೆ 9 ಸಾವಿರ ಆಗಿದೆ. ಓದಿನ ಸಾಲ ತೀರಿತು. ಹೋದ ವಾರ ಕಟ್ಟಡದ ಮಾಲೀಕರು "ನೀವೇ ತಗೊಳ್ಳಿ ಮೇಡಂ, 70 ಲಕ್ಷ" ಎಂದರು. 20 ಲಕ್ಷ ಕೈಯಿಂದ ಹಾಕಿ 50 ಲಕ್ಷ ಸಾಲ ಮಾಡಿದರೆ, 9 ಪರ್ಸೆಂಟ್ ಬಡ್ಡಿಗೆ 20 ವರ್ಷ, ತಿಂಗಳಿಗೆ 45 ಸಾವಿರ. ಬಾಡಿಗೆಯ ಐದು ಪಟ್ಟು. ನನ್ನ ಗಂಡನಿಗೆ ಆಸೆ, ಅಮ್ಮನಿಗೆ ಇನ್ನೂ ಜಾಸ್ತಿ ಆಸೆ. 20 ಲಕ್ಷ ಹಾಕಬೇಕೆಂದರೆ ಚಾಕಿ ಖಾತೆಗೂ ಕೈ ಹಾಕಬೇಕು. ಮೊನ್ನೆ ಆ ಬಿ.ಪಿ. ಹೆಂಗಸು ಮಾತ್ರೆಗೆ ಬಂದಿದ್ದರು. ಸುಮ್ನೆ ಅವರ ಮುಂದೆ ಈ ವಿಷಯ ತೆಗೆದೆ. "ಮಾಲೀಕ್ರು ನಿಮ್ಮನ್ನ ಎಬ್ಬಿಸ್ತಾರಾ?" ಎಂದು ಕೇಳಿದರು. ಇಲ್ಲ, ಇನ್ನೂ ನಾಲ್ಕು ವರ್ಷ ಕರಾರಿದೆ ಎಂದೆ. "ಮತ್ತೆ?" ಅಂದರು. ಮಾಲೀಕರಿಗೆ ಶುಕ್ರವಾರದೊಳಗೆ ಹೇಳಬೇಕು.