ಬೆಂಗಳೂರಿನಲ್ಲಿ ಮನೆ ಹಿಡಿಯುವ ಮೊದಲು ಬೀದಿ ನೋಡಿದ ಬಗೆ: ನನ್ನ ಅನುಭವ

ಬೆಂಗಳೂರಿಗೆ ಹೊರಟವರೆಲ್ಲ ಮೊದಲು ಕೇಳುವುದು "ಯಾವ ಏರಿಯಾ ಚೆನ್ನಾಗಿದೆ?" ಅಂತ. ಹುಬ್ಬಳ್ಳಿಯಿಂದ ಹೊರಡುವಾಗ ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ಕೇಳಿದರೆ ಏರಿಯಾದ ಹೆಸರು ಹೇಳುವುದಿಲ್ಲ, ಬೀದಿ ನೋಡುವ ಬಗೆ ಹೇಳುತ್ತೇನೆ. ಒಂದೇ ಬಡಾವಣೆಯ ಮೂರನೇ ಕ್ರಾಸಿಗೆ ಕಾವೇರಿ ನೀರು ಬರುತ್ತದೆ, ಏಳನೇ ಕ್ರಾಸು ಟ್ಯಾಂಕರ್ ನಂಬಿಕೊಂಡಿರುತ್ತದೆ. ಮೇಲಿನ ರಸ್ತೆ ಮಳೆ ನಿಂತ ಸ್ವಲ್ಪ ಹೊತ್ತಿಗೆ ಒಣಗಿದರೆ ಕೆಳಗಿನದರಲ್ಲಿ ಮಂಡಿಯುದ್ದ ನೀರು. ಬಾಡಿಗೆ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ಊರಲ್ಲಿ ಕೂತು ಫೋಟೋ ನೋಡಿ ಟೋಕನ್ ಹಣ ಕಳಿಸಲೇಬಾರದು. ಮೊದಲ ಮೂರು ನಾಲ್ಕು ವಾರ ಆಫೀಸಿನ ಹತ್ತಿರದ ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇದ್ದು ಹುಡುಕುವುದು ಒಳ್ಳೆಯದು. ಆ ಖರ್ಚು ವ್ಯರ್ಥ ಅನ್ನಿಸಬಹುದು. ಆದರೆ ಇಲ್ಲಿ ಆರರಿಂದ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಓನರ್‌ಗಳು ಇನ್ನೂ ಇದ್ದಾರೆ. ತಪ್ಪು ಮನೆ ಹಿಡಿದು ಆರೇ ತಿಂಗಳಿಗೆ ಬಿಟ್ಟರೆ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಬ್ರೋಕರ್ ಕಮಿಷನ್, ಸಾಮಾನು ಸಾಗಣೆ ಮತ್ತೆ ಮೊದಲಿನಿಂದ.

ಮೊದಲು ಆಫೀಸಿನ ದಾರಿ. ಇಲ್ಲಿ ದೂರವನ್ನು ಕಿಲೋಮೀಟರಲ್ಲಿ ಅಳೆದು ಪ್ರಯೋಜನವಿಲ್ಲ, ನಿಮಿಷದಲ್ಲೇ ಅಳೆಯಬೇಕು. ಗೂಗಲ್ ಮ್ಯಾಪಿನಲ್ಲಿ ಆಫೀಸಿನ ಗೇಟನ್ನೇ ಗುರುತಾಗಿಟ್ಟು, ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ 9:30ಕ್ಕೆ ತಲುಪಬೇಕೆಂದು ಕೊಡಿ. 40ರಿಂದ 80 ನಿಮಿಷ ಎಂದು ತೋರಿಸಿದರೆ 80ನ್ನೇ ಬರೆದುಕೊಳ್ಳಿ. ಸಂಜೆ 6:30ರ ವಾಪಸಿನ ಲೆಕ್ಕ ಬೇರೆಯೇ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಭಾನುವಾರ ಮನೆ ನೋಡಲು ಹೋದವರು ಮೋಸ ಹೋಗುವುದು ಇಲ್ಲೇ. ಅಂದು ಇಪ್ಪತ್ತು ನಿಮಿಷಕ್ಕೆ ಮುಗಿದ ದಾರಿಯಲ್ಲಿ ಸಿಲ್ಕ್ ಬೋರ್ಡೋ, ಟಿನ್ ಫ್ಯಾಕ್ಟರಿಯೋ, ಗೊರಗುಂಟೆಪಾಳ್ಯವೋ ಇದ್ದರೆ ಸೋಮವಾರ ಅದು ಒಂದು ಗಂಟೆ. ಒಂದು ಕಡೆಗೆ 50 ನಿಮಿಷ ಮೀರುವುದನ್ನೆಲ್ಲ ನಾನು ಪಟ್ಟಿಯಿಂದ ತೆಗೆದೆ. ಅರ್ಧ ನಗರ ಅಲ್ಲೇ ಕಡಿಮೆಯಾಯಿತು.

ಮೆಟ್ರೋ ಇದ್ದರೆ ಸಮಯ ಖಾತ್ರಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ, ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ. ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕಾದ ಐಟಿಪಿಎಲ್‌ನಲ್ಲಿ ಕೆಲಸವಿದ್ದರೆ ಇಳಿಯುವ ನಿಲ್ದಾಣ ಪಟ್ಟಂದೂರು ಅಗ್ರಹಾರ. ಎಲೆಕ್ಟ್ರಾನಿಕ್ ಸಿಟಿಯಾದರೆ ಹಳದಿ ಮಾರ್ಗ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಬೇಕಾದರೆ ಬೆಳಗಿನ ಜನಸಂದಣಿಗೆ ಎಂಟು ಹತ್ತು ನಿಮಿಷ ಸೇರಿಸಿ. ರೈಲು ಎಷ್ಟು ಹೊತ್ತಿಗೊಂದು ಬರುತ್ತದೆ ಎಂದೂ ನೋಡಿ: 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದೇ ರೈಲಿತ್ತು. "ಇನ್ನೊಂದು ವರ್ಷಕ್ಕೆ ಇಲ್ಲೇ ಮೆಟ್ರೋ ಬರುತ್ತೆ ಸಾರ್" ಎಂಬ ಮಾತಿಗೆ ಒಂದು ರೂಪಾಯಿ ಹೆಚ್ಚು ಬಾಡಿಗೆಯನ್ನೂ ಕೊಡಬೇಡಿ. ಓಡುತ್ತಿರುವ ರೈಲು ಮಾತ್ರ ಲೆಕ್ಕ. ಕಾಮಗಾರಿ ನಡೆಯುವಷ್ಟು ವರ್ಷ ಆ ರಸ್ತೆಯ ಧೂಳು, ಬ್ಯಾರಿಕೇಡು ಎಲ್ಲ ಅಲ್ಲಿರುವವರ ಪಾಲಿಗೇ.

ನಿಲ್ದಾಣದಿಂದ ಮನೆಗೆ ಒಮ್ಮೆ ನಡೆದೇ ನೋಡಬೇಕು, ಅದೂ ಸಂಜೆ ಕತ್ತಲಾದ ಮೇಲೆ. ಒಂದು ಕಿಲೋಮೀಟರ್ ಒಳಗಿದ್ದು ಫುಟ್‌ಪಾತು, ದೀಪ ಇದ್ದರೆ ನಡೆಯಬಹುದು. ಇಲ್ಲದಿದ್ದರೆ ಆಟೋ ಗತಿ. 2025ರ ಆಗಸ್ಟಿನಿಂದ ಮೀಟರಿನ ಕನಿಷ್ಠ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ. ಹೋಗಿ ಬರಲು 72, ತಿಂಗಳಿಗೆ 22 ದಿನ ಎಂದರೆ 1,584. ಒಂದು ಕಡೆಯ ಮೆಟ್ರೋ ಟಿಕೆಟ್ 60 ಇದ್ದರೆ ತಿಂಗಳಿಗೆ ಇನ್ನೂ 2,640. ಅಂದರೆ ದೂರದ ಮನೆಗೆ ನಾಲ್ಕು ಸಾವಿರ ಬಾಡಿಗೆ ಕಡಿಮೆ ಎಂದು ಹೋದರೆ ಉಳಿಯುವುದು ಏನೂ ಇಲ್ಲ. ಮನೆಯ ಹೆಣ್ಣುಮಕ್ಕಳು ಓಡಾಡುವ ದಾರಿಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸಿದ್ದರೆ ಶಕ್ತಿ ಯೋಜನೆಯಿಂದ ಅದು ಉಚಿತ. ಎಸಿ ವಜ್ರ ಬಸ್ಸಿಗೆ ಅನ್ವಯಿಸುವುದಿಲ್ಲ.

ಇನ್ನು ನೀರು. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. "ನೀರಿದೆಯಾ?" ಎಂದು ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ನಾನು ಕೇಳುತ್ತಿದ್ದದ್ದು "ಕಾವೇರಿ ಯಾವ್ಯಾವ ದಿನ ಬಿಡ್ತಾರೆ, ಎಷ್ಟು ಗಂಟೆಗೆ?" ಎಂದು. ನಿಜವಾಗಿ ಬರುವ ಮನೆಯವರು ವಾರ, ಹೊತ್ತು ತಟ್ಟನೆ ಹೇಳುತ್ತಾರೆ. ತಡವರಿಸಿದರೆ ಜಲಮಂಡಳಿಯ ಬಿಲ್ ಕೇಳಿ. ಬಿಲ್ಲಿನಲ್ಲಿ ಬಳಕೆ ಎಷ್ಟು ಕಿಲೋಲೀಟರ್ ಎಂದಿರುತ್ತದೆ. ತಿಂಗಳುಗಟ್ಟಲೆ ಸೊನ್ನೆಯಿದ್ದರೆ ಪೈಪು ಇದೆ, ನೀರಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ, ಅಂದರೆ ವರ್ತೂರು, ಹೊರಮಾವು, ಬೇಗೂರು ಕಡೆಗೆ, ಕಾವೇರಿ 5ನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ಬೀದಿಗೆ ಪೈಪ್ ಬಂದರೆ ಸಾಲದು, ಓನರ್ ಶುಲ್ಕ ಕಟ್ಟಿ ಸಂಪರ್ಕ ಪಡೆದಿರಬೇಕು. ಅಲ್ಲಿ ಇದನ್ನು ಮನೆಮನೆಗೂ ಕೇಳಿಯೇ ತಿಳಿಯಬೇಕು.

ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ನಾಲ್ಕು ಜನಕ್ಕೆ 540, ತಿಂಗಳಿಗೆ 16,200 ಲೀಟರ್. ಕಾವೇರಿಯೂ ಬೋರೂ ಕೈಕೊಟ್ಟರೆ 6,000 ಲೀಟರಿನ ಟ್ಯಾಂಕರ್ ಒಂದು ಮನೆಗೆ 11 ದಿನ ಸಾಕು. 2024ರ ಬೇಸಿಗೆಯ ಬರದಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗೆ 6,000 ಲೀಟರಿಗೆ 600, 12,000ಕ್ಕೆ 1,000 ರೂಪಾಯಿ ಎಂದು ದರ ನಿಗದಿ ಮಾಡಬೇಕಾಗಿ ಬಂತು. ಟ್ಯಾಂಕರ್ ಬೇಕಾಗಬಹುದಾದ ಮನೆಯಾದರೆ ಸಂಪನ್ನೂ ಅಳೆಯಿರಿ. ಉದ್ದ, ಅಗಲ, ಆಳ ಅಡಿಯಲ್ಲಿ ಗುಣಿಸಿ 28.3ರಿಂದ ಮತ್ತೆ ಗುಣಿಸಿದರೆ ಲೀಟರ್. ಉದ್ದ, ಅಗಲ, ಆಳ ಮೂರೂ ಆರಡಿಯಿರುವ ಸಂಪು ಸುಮಾರು 6,100 ಲೀಟರ್. ಇದಕ್ಕಿಂತ ಚಿಕ್ಕದಿದ್ದರೆ ಟ್ಯಾಂಕರಿನ ನೀರು ಪೂರ್ತಿ ಹಿಡಿಸುವುದಿಲ್ಲ, ದುಡ್ಡು ಮಾತ್ರ ಪೂರ್ತಿ ಹೋಗುತ್ತದೆ. ದೊಡ್ಡ ಟ್ಯಾಂಕರ್ ಆ ಕ್ರಾಸಿನಲ್ಲಿ ತಿರುಗುತ್ತದೆಯೇ ಎಂದೂ ನೋಡಿ.

ಸಂಪಿನ ಮುಚ್ಚಳ ತೆಗೆಸಿ ನೋಡಲು ಸಂಕೋಚ ಬೇಡ. ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಏರಿಳಿದಿದೆ ಎಂಬ ಗೆರೆ ಇರುತ್ತದೆ. ಚರಂಡಿ ವಾಸನೆ ಬಂದರೆ ಅಲ್ಲಿಗೇ ಆ ಮನೆ ಬಿಟ್ಟುಬಿಡಿ. ಆಮೇಲೆ ಬಚ್ಚಲಿನ ನಲ್ಲಿ. ಬಾಯಿಯ ಸುತ್ತ ಸುಣ್ಣದಂಥ ಬಿಳಿ ಪದರ ಕಟ್ಟಿದ್ದರೆ ಗಡಸು ಬೋರ್ ನೀರು: ಗೀಸರಿನ ಕಾಯಿಲ್ ಬೇಗ ಹೋಗುತ್ತದೆ, ಸಾಬೂನು ನೊರೆ ಬರುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಜೇಬಲ್ಲಿಟ್ಟುಕೊಂಡರೆ ಎರಡು ನಿಮಿಷದ ಕೆಲಸ. ಕುಡಿಯುವ ನೀರಿಗೆ ಭಾರತೀಯ ಮಾನಕದ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 2,000. ಮೀಟರು ತೋರಿಸುವುದು ಕರಗಿದ ಲವಣವನ್ನು ಮಾತ್ರ, ರೋಗಾಣುವನ್ನಲ್ಲ.

ನೀರು ಇಲ್ಲದ ಊರೇ ಮಳೆಗಾಲದಲ್ಲಿ ಮುಳುಗುತ್ತದೆ. ಬೆಂಗಳೂರು ದಿಣ್ಣೆ ಮತ್ತು ಕಣಿವೆಗಳ ಊರು. ಒಂದು ಕೆರೆಯ ಕೋಡಿಯ ನೀರು ರಾಜಕಾಲುವೆ, ಅಂದರೆ ದೊಡ್ಡ ಮಳೆನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತಿತ್ತು. ಕಾಲುವೆ ಮುಚ್ಚಿದರೂ ಇಳಿಜಾರು ಹಾಗೇ ಇದೆ, ನೀರು ಹಳೆಯ ದಾರಿಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿ ಬೆಲೆಯ ಮನೆಯವರೂ ದೋಣಿ, ಟ್ರ್ಯಾಕ್ಟರಿನಲ್ಲಿ ಹೊರಬಂದರು. ಹೆಸರುಗಳೇ ಎಷ್ಟೋ ಹೇಳುತ್ತವೆ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಕೋರಮಂಗಲದ ಎಸ್.ಟಿ. ಬೆಡ್ ಎಂದರೆ ಶ್ರೀನಿವಾಗಿಲು ಕೆರೆಯ ಅಂಗಳ. ಹಾಗೆಂದು ಇಡೀ ಬಡಾವಣೆಯನ್ನೇ ಬಿಡಬೇಕಿಲ್ಲ, ಮನೆ ಅದರ ಯಾವ ಮೂಲೆಯಲ್ಲಿದೆ ಎಂಬುದು ಮುಖ್ಯ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪನ್ನು ಮನೆ ಮುಂದೆ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಕೆರೆ, ಕಾಲುವೆಯ ಗಡಿ ಎಷ್ಟು ಹತ್ತಿರ ಎಂಬುದು ಗೊತ್ತಾಗುತ್ತದೆ.

ಕಣ್ಣಿಗೇ ಕಾಣುವ ಗುರುತುಗಳೂ ಇವೆ. ಗೇಟಿನ ಅಡಿಗೆ ಒಂದಡಿ ಎತ್ತರದ ಸಿಮೆಂಟ್ ಕಟ್ಟೆ ಕಟ್ಟಿದ್ದಾರೆಯೇ? ಅಕ್ಕಪಕ್ಕದ ನಾಲ್ಕು ಮನೆಗೂ ಹಾಗೇ ಇದ್ದರೆ ಅದು ಅಲಂಕಾರಕ್ಕಲ್ಲ. ಕಾಂಪೌಂಡಿನ ಹೊರಮೈಯಲ್ಲಿ ಒಂದೇ ಮಟ್ಟಕ್ಕೆ ಬಣ್ಣ ಮಾಸಿದೆಯೇ, ಮೂಲೆಯಲ್ಲಿ ಮರಳಿನ ಚೀಲವಿದೆಯೇ? ಡಾಂಬರಿನ ಮೇಲೆ ಡಾಂಬರು ಹಾಕಿ ಹಳೆಯ ಮನೆಗಳ ಅಂಗಳ ರಸ್ತೆಗಿಂತ ತಗ್ಗಾಗಿರುವುದು ಇಲ್ಲಿ ಸಾಮಾನ್ಯ. ಅಂಥ ಕಡೆ ನೆಲಮಹಡಿ ಬೇಡವೇ ಬೇಡ. ಸಂಪಿನ ಬಾಯಿ ಅಂಗಳದ ಮಟ್ಟಕ್ಕೇ ಇದ್ದರೆ ಒಂದು ಜೋರು ಮಳೆಗೆ ಕುಡಿಯುವ ನೀರೂ ಹೋಯಿತು.

ಪಟ್ಟಿಯಲ್ಲಿ ಮೂರು ಬೀದಿ ಉಳಿದ ಮೇಲೆ ಒಂದೊಂದಕ್ಕೂ ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ, ರಾತ್ರಿ ಹತ್ತಕ್ಕೆ, ಸಾಧ್ಯವಾದರೆ ಮಳೆ ಬಂದ ದಿನವೂ ಹೋಗಿ. ನಂದಿನಿ ಬೂತಿನವರು, ಇಸ್ತ್ರಿ ಅಂಗಡಿಯವರು ಆ ಬೀದಿಯನ್ನು ದಿನವಿಡೀ ನೋಡುತ್ತಿರುತ್ತಾರೆ. ಕರೆಂಟ್ ಎಷ್ಟು ಹೋಗುತ್ತದೆ, ಕಸದ ಗಾಡಿ ದಿನಾ ಬರುತ್ತದೆಯೇ, ಕಳೆದ ಮಳೆಗೆ ಎಲ್ಲಿವರೆಗೆ ನೀರು ಬಂತು, ಎಲ್ಲ ಅವರ ಬಾಯಲ್ಲಿದೆ. ಅಲ್ಲೇ ಅರ್ಧ ಲೀಟರ್ ಹಾಲು ಕೊಂಡು ಕನ್ನಡದಲ್ಲಿ ಎರಡು ಮಾತಾಡಿದರೆ ಬ್ರೋಕರ್ ಹೇಳದ್ದೂ ತಿಳಿಯುತ್ತದೆ.

ಕರ್ನಾಟಕದ ಒಳಗಿನಿಂದಲೇ ಬರುವವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಊರ ರಸ್ತೆ ಯಾವ ಕಡೆಯಿಂದ ಬೆಂಗಳೂರು ಸೇರುತ್ತದೆ? ಹುಬ್ಬಳ್ಳಿ, ಶಿವಮೊಗ್ಗದ ಬಸ್ಸು ತುಮಕೂರು ರಸ್ತೆಯಲ್ಲಿ ಬಂದು ಗೊರಗುಂಟೆಪಾಳ್ಯ, ಯಶವಂತಪುರ ದಾಟುತ್ತವೆ. ಮೈಸೂರಿನವರಿಗೆ ಕೆಂಗೇರಿ, ಕೋಲಾರದವರಿಗೆ ಕೆ.ಆರ್. ಪುರ. ಆಫೀಸಿನ ಲೆಕ್ಕದಲ್ಲಿ ಎರಡು ಕಡೆ ಸಮವಾಗಿದ್ದರೆ ಊರಿನ ದಿಕ್ಕಿನದನ್ನೇ ಆರಿಸಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಆಟೋಗೆ ಒಂದೂವರೆ ಪಟ್ಟು ದರ. ನಸುಕಿನ ನಾಲ್ಕೂವರೆಗೆ ಇಳಿಯುವ ವಯಸ್ಸಾದ ತಂದೆತಾಯಿ ಇಡೀ ನಗರ ಹಾಯ್ದು ಬರಬೇಕಾದ ಮನೆಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಮನೆ ಒಪ್ಪಿಗೆಯಾದ ಮೇಲೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಟ್ಯಾಂಕರ್ ತರಿಸಿದರೆ ಹಣ ಯಾರದ್ದು, ಪೇಂಟಿಂಗಿಗೆ ಎಷ್ಟು ಮುರಿಯುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸು, ಈ ಮೂರನ್ನು ಅಂಕಿಯಲ್ಲೇ ಬರೆಸಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ವಿದ್ಯುತ್ ಮೀಟರ್ ಮನೆಗೆ ಪ್ರತ್ಯೇಕ ಇರಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಿಂದೆ ಇದ್ದವರ ಆಧಾರ್ ಆ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರಿನಿಂದ ತೆಗೆಯದೆ ನಿಮ್ಮದು ಸೇರುವುದಿಲ್ಲ. ಕೀಲಿ ತೆಗೆದುಕೊಳ್ಳುವ ಮೊದಲೇ ಅವರಿಂದ ತೆಗೆಸಿಕೊಡುವಂತೆ ಓನರಿಗೆ ಹೇಳಿ. ಅದೇ ದಿನ ನೀರಿನ ಮೀಟರು, ಕರೆಂಟ್ ಮೀಟರು ಎರಡರ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿಬಿಡಿ.