ಸೂಜಿ ಮಾತ್ರ ನಿಮ್ಮದು: ಅಮೆರಿಕದಲ್ಲಿ ಸಿರಿಂಜ್ ಕೇಂದ್ರಕ್ಕೆ ಸರ್ಕಾರದ ದುಡ್ಡು ಪಡೆಯುವುದು ಹೇಗೆ?

'ಮದುವೆ ಖರ್ಚೆಲ್ಲ ನಮ್ಮದು. ಛತ್ರ, ಊಟ, ಓಲಗ ಯಾವುದಕ್ಕೂ ಯೋಚನೆ ಮಾಡಬೇಡಿ. ತಾಳಿ ಮಾತ್ರ ನೀವೇ ತಂದುಕೊಳ್ಳಿ.' ಬೀಗರು ಹೀಗೆ ಹೇಳಿದರೆ ಏನನ್ನಿಸುತ್ತೆ? ಅಮೆರಿಕದ ಫೆಡರಲ್ ಸರ್ಕಾರ ಸಿರಿಂಜ್ ಕೇಂದ್ರಗಳಿಗೆ ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಈ ಕೇಂದ್ರಗಳ ಕೆಲಸ ಸರಳ. ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುತ್ತಾರೆ, ಬಳಸಿದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಒಂದೇ ಸೂಜಿಯನ್ನು ನಾಲ್ಕು ಜನ ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಸಿ ಹರಡುತ್ತವೆ, ಅದನ್ನು ತಡೆಯುವುದೇ ಉದ್ದೇಶ. ಪಬ್ಲಿಕ್ ಹೆಲ್ತ್ ಓದಲು ಅಮೆರಿಕಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆರೋಗ್ಯ ಇಲಾಖೆಯಲ್ಲೋ ಸಣ್ಣ ಸಂಸ್ಥೆಯಲ್ಲೋ ಕೆಲಸಕ್ಕೆ ಸೇರಿದರೆ, ಅನುದಾನದ ಅರ್ಜಿ ಬರೆಯುವ ಕೆಲಸ ಅವರ ತಲೆಗೇ ಬರುವುದುಂಟು. ಹಾಗೆ ಬಂದಾಗ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಇಲ್ಲಿದೆ.

ಮೊದಲು ಸ್ವಲ್ಪ ಹಿನ್ನೆಲೆ. ಇದು ಗೊತ್ತಿಲ್ಲದಿದ್ದರೆ ನಿಯಮಗಳು ಹುಚ್ಚುಚ್ಚಾಗಿ ಕಾಣುತ್ತವೆ.

1988ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನಲ್ಲಿ ಡೇವ್ ಪರ್ಚೇಸ್ ಎಂಬಾತ ಫುಟ್‌ಪಾತಿನಲ್ಲಿ ಒಂದು ಪುಟ್ಟ ಮಡಚುವ ಮೇಜು ಹಾಕಿಕೊಂಡು ಸೂಜಿ ಹಂಚಲು ಕೂತರು. ಅದೇ ವರ್ಷ ಅಮೆರಿಕದ ಸಂಸತ್ತು ಇಂಥ ಕೆಲಸಕ್ಕೆ ಫೆಡರಲ್ ದುಡ್ಡು ಕೊಡುವಂತಿಲ್ಲ ಎಂದು ಕಾನೂನು ಮಾಡಿತು. 1998ರಲ್ಲಿ ಆರೋಗ್ಯ ಮಂತ್ರಿ ಡೊನ್ನಾ ಶಲೇಲಾ, ಸೂಜಿ ವಿನಿಮಯದಿಂದ ಎಚ್‌ಐವಿ ಕಡಿಮೆಯಾಗುತ್ತದೆ, ಡ್ರಗ್ಸ್ ಚಟ ಹೆಚ್ಚುವುದಿಲ್ಲ ಎಂದು ಅಧಿಕೃತವಾಗಿ ಹೇಳಿದರು. ಹೇಳಿದ್ದಷ್ಟೇ, ದುಡ್ಡು ಬರಲಿಲ್ಲ. 2009ರ ಡಿಸೆಂಬರಿನಲ್ಲಿ ನಿಷೇಧ ತೆಗೆದರು. 2011ರ ಡಿಸೆಂಬರಿನಲ್ಲಿ ಮತ್ತೆ ಹಾಕಿದರು.

ಕಣ್ಣು ತೆರೆಸಿದ್ದು ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ. ಅಲ್ಲಿನ ಆಸ್ಟಿನ್ ಎಂಬ ಊರಿನ ಜನಸಂಖ್ಯೆ ನಾಲ್ಕು ಸಾವಿರ ಚಿಲ್ಲರೆ, ನಮ್ಮಲ್ಲಾದರೆ ಒಂದು ದೊಡ್ಡ ಹಳ್ಳಿ. ಓಪಾನಾ ಎಂಬ ನೋವಿನ ಮಾತ್ರೆಯನ್ನು ಕರಗಿಸಿ, ಒಂದೇ ಸೂಜಿಯಲ್ಲಿ ಹಂಚಿಕೊಂಡು ಚುಚ್ಚಿಕೊಳ್ಳುತ್ತಿದ್ದರು. ಆಮೇಲೆ ಲೆಕ್ಕ ಹಾಕಿದಾಗ 200ಕ್ಕೂ ಜಾಸ್ತಿ ಜನರಿಗೆ ಎಚ್‌ಐವಿ ತಗುಲಿತ್ತು. ಆಗ ಆ ರಾಜ್ಯದಲ್ಲಿ ಸೂಜಿ ವಿನಿಮಯವೇ ಕಾನೂನುಬಾಹಿರವಾಗಿತ್ತು. ಅದನ್ನು ವಿರೋಧಿಸುತ್ತಿದ್ದ ಗವರ್ನರ್ ಮೈಕ್ ಪೆನ್ಸ್ ಕೊನೆಗೆ 2015ರ ಮಾರ್ಚ್ 26ರಂದು ತುರ್ತು ಪರಿಸ್ಥಿತಿ ಘೋಷಿಸಿ ತಾತ್ಕಾಲಿಕ ಅನುಮತಿ ಕೊಡಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತು ಅರ್ಧ ಬಾಗಿಲು ತೆರೆಯಿತು: ಕೇಂದ್ರ ನಡೆಸಲು ದುಡ್ಡು ಕೊಡಬಹುದು, ಸೂಜಿ ಸಿರಿಂಜ್ ಕೊಳ್ಳಲು ಮಾತ್ರ ಇಲ್ಲ. ಇವತ್ತಿನ ಎಲ್ಲ ನಿಯಮಕ್ಕೂ ಬೇರು ಇದೇ.

ಈಗ ಕೆಲಸಕ್ಕೆ ಬರೋಣ.

ಮೊದಲ ಹೆಜ್ಜೆ, ನಿಮ್ಮ ರಾಜ್ಯದ ಕಾನೂನು ನೋಡುವುದು. ರಾಜ್ಯದ ಮತ್ತು ಊರಿನ ಕಾನೂನು ಒಪ್ಪದ ಕೇಂದ್ರಕ್ಕೆ ಫೆಡರಲ್ ದುಡ್ಡು ಬರುವ ಮಾತೇ ಇಲ್ಲ. ಕೆಲವು ಕಡೆ ಕೌಂಟಿಯ ಒಪ್ಪಿಗೆಯೂ ಬೇಕು. ಕೊಟ್ಟ ಒಪ್ಪಿಗೆ ವಾಪಸ್ ಹೋಗುವುದೂ ಉಂಟು. ಅಷ್ಟೆಲ್ಲ ಅನುಭವಿಸಿದ ಸ್ಕಾಟ್ ಕೌಂಟಿಯೇ 2021ರಲ್ಲಿ ತನ್ನ ಕೇಂದ್ರವನ್ನು ಮುಚ್ಚಲು ಮತ ಹಾಕಿತು!

ಎರಡನೆಯದು 'ಅಗತ್ಯ ಇದೆ' ಎಂದು ತೋರಿಸುವುದು. ಹೆಚ್ಚು ಜನ ಎಡವುವುದು ಇಲ್ಲೇ. ಸಂಸ್ಥೆಯವರು ನೇರವಾಗಿ ಕೇಳುವಂತಿಲ್ಲ. ರಾಜ್ಯದ ಅಥವಾ ಸ್ಥಳೀಯ ಆರೋಗ್ಯ ಇಲಾಖೆಯೇ ಸಿಡಿಸಿಗೆ, ಅಂದರೆ ರೋಗ ನಿಯಂತ್ರಣದ ಫೆಡರಲ್ ಸಂಸ್ಥೆಗೆ ಬರೆಯಬೇಕು. ನಮ್ಮ ಪ್ರದೇಶದಲ್ಲಿ ಸೂಜಿಯಿಂದ ಹೆಪಟೈಟಿಸ್ ಜಾಸ್ತಿಯಾಗಿದೆ, ಅಥವಾ ಎಚ್‌ಐವಿ ಸ್ಫೋಟವಾಗಿದೆ, ಅಥವಾ ಆಗುವ ಅಪಾಯ ಇದೆ ಎಂದು ಅಂಕಿಅಂಶ ಕೊಡಬೇಕು. 'ಅಪಾಯ ಇದೆ' ಅನ್ನುವ ಮಾತನ್ನು ಗಮನಿಸಿ. ರೋಗ ಬಂದು ಹೆಣ ಬೀಳುವವರೆಗೆ ಕಾಯಬೇಕಿಲ್ಲ. ಹೊಸ ಹೆಪಟೈಟಿಸ್ ಸಿ ಪ್ರಕರಣಗಳು, ಓವರ್‌ಡೋಸ್ ಸಾವು, ಚಟ ಬಿಡಿಸುವ ಚಿಕಿತ್ಸೆಗೆ ಸೇರಿದವರ ಲೆಕ್ಕ ಎಲ್ಲವೂ ಸಾಕ್ಷಿಯಾಗುತ್ತವೆ. 2016ರ ಮಾರ್ಗಸೂಚಿ ಪ್ರಕಾರ ಸಿಡಿಸಿ 30 ದಿನದಲ್ಲಿ ಉತ್ತರ ಕೊಡಬೇಕು.

ಸಿಡಿಸಿ ಒಪ್ಪಿದ ಪತ್ರ ಬಂದ ದಿನ ಸಿಹಿ ಹಂಚಬೇಡಿ. ಆ ಪತ್ರದ ಜೊತೆ ಒಂದು ಡಾಲರೂ ಬರುವುದಿಲ್ಲ. ಅದು ಅನುಮತಿ ಅಷ್ಟೇ.

ದುಡ್ಡು ಬೇಕೆಂದರೆ ಮೂರನೇ ಹೆಜ್ಜೆ ಇಡಬೇಕು. 2016ರ ವ್ಯವಸ್ಥೆ ಹೊಸ ನಿಧಿಯನ್ನೇನೂ ಹುಟ್ಟುಹಾಕಲಿಲ್ಲ. ಈಗಾಗಲೇ ಬರುತ್ತಿರುವ ಅನುದಾನದಲ್ಲಿ ಒಂದು ಭಾಗವನ್ನು ಈ ಕಡೆ ತಿರುಗಿಸಲು ಆ ಅನುದಾನ ಕೊಟ್ಟ ಸಂಸ್ಥೆಯನ್ನು ಕೇಳಬೇಕು. ಸಿಡಿಸಿಯ ಎಚ್‌ಐವಿ ತಡೆ ಅನುದಾನ ಇರಬಹುದು, ಎಚ್‌ಐವಿ ಇರುವವರಿಗೆ ಚಿಕಿತ್ಸೆ ಕೊಡಿಸುವ ರಯಾನ್ ವೈಟ್ ಕಾರ್ಯಕ್ರಮದ ದುಡ್ಡು ಇರಬಹುದು, ಚಟ ಮತ್ತು ಮಾನಸಿಕ ಆರೋಗ್ಯ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಸಾಮ್ಸಾದ್ದಿರಬಹುದು. ಒಂದೊಂದಕ್ಕೂ ಒಂದೊಂದು ಷರತ್ತು. ಅಂದಹಾಗೆ, ರಯಾನ್ ವೈಟ್ ಕೂಡ ಇಂಡಿಯಾನಾದ ಹುಡುಗನೇ. ರಕ್ತದಿಂದ ತಯಾರಿಸಿದ ಔಷಧಿಯಿಂದ ಏಡ್ಸ್ ತಗುಲಿ 1990ರಲ್ಲಿ ತೀರಿಕೊಂಡ.

ಈಗ ಬಜೆಟ್ ಬರೆಯಲು ಕೂರಿ. ಕಣ್ಣೆದುರು ಕೇಂದ್ರದ ಮೇಜನ್ನು ತಂದುಕೊಳ್ಳಿ. ಮೇಜಿನ ಹಿಂದೆ ಕೂತವಳ ಸಂಬಳ? ಫೆಡರಲ್ ದುಡ್ಡಿನಲ್ಲಿ ಕೊಡಬಹುದು, ಅವಳು ಕೈಯಾರೆ ಸೂಜಿ ಹಂಚುತ್ತಿದ್ದರೂ ಸರಿ. ಚರ್ಮ ಒರೆಸುವ ಆಲ್ಕೋಹಾಲ್ ಪ್ಯಾಡ್? ಆಗುತ್ತೆ. ಎಚ್‌ಐವಿ ಟೆಸ್ಟ್ ಕಿಟ್, ಕಾಂಡೋಮ್, ಓವರ್‌ಡೋಸ್ ಆದವರನ್ನು ಬದುಕಿಸುವ ನಲಾಕ್ಸೋನ್? ಎಲ್ಲ ಆಗುತ್ತೆ, ಆ ಅನುದಾನದ ಷರತ್ತು ಒಪ್ಪಿದರೆ. ಪುಡಿ ಕರಗಿಸುವ 'ಕುಕ್ಕರ್', ಅಂದರೆ ಸೋಡಾ ಬಾಟಲಿ ಮುಚ್ಚಳದಂಥ ಪುಟ್ಟ ತಗಡು? ಇಲ್ಲ. ಡ್ರಗ್ಸ್ ಚುಚ್ಚಿಕೊಳ್ಳಲು ಬಿಟ್ಟು ಬೇರೆ ಉಪಯೋಗವಿಲ್ಲದ ವಸ್ತು ಅದು. ಸೂಜಿ? ಇಲ್ಲ. ಬಳಸಿದ ಸೂಜಿ ಹಾಕುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ? ಅದಕ್ಕುಂಟು! ಸೂಜಿ ಕೊಳ್ಳಲು ಕಾಸಿಲ್ಲ, ಬಿಸಾಡಲು ಕಾಸುಂಟು. ನನಗಂತೂ ಇದು ಆರೋಗ್ಯದ ಲೆಕ್ಕವಲ್ಲ, ಮುಖ ಉಳಿಸಿಕೊಳ್ಳುವ ಲೆಕ್ಕ ಅನ್ನಿಸುತ್ತದೆ. ಆ ಮೇಜಿನ ಮೇಲೆ ಸೂಜಿಯಷ್ಟು ಅಗ್ಗದ ಸಾಮಾನು ಹೆಚ್ಚಿಲ್ಲ.

ಹಾಗಾದರೆ ಸೂಜಿ ಎಲ್ಲಿಂದ? ರಾಜ್ಯ ಅಥವಾ ಕೌಂಟಿ ಬಜೆಟ್, ದಾನಿಗಳು, ಖಾಸಗಿ ಟ್ರಸ್ಟ್‌ಗಳು. ಇನ್ನೊಂದು ದಾರಿ ಒಪಿಯಾಯ್ಡ್ ಪರಿಹಾರದ ದುಡ್ಡು. ನೋವಿನ ಮಾತ್ರೆಗಳನ್ನು ಬೇಕಾಬಿಟ್ಟಿ ಹರಿಯಬಿಟ್ಟರು ಎಂಬ ಮೊಕದ್ದಮೆಗಳಲ್ಲಿ ಮೂರು ದೊಡ್ಡ ವಿತರಕ ಕಂಪನಿಗಳು ಮತ್ತು ಜಾನ್ಸನ್ ಆಂಡ್ ಜಾನ್ಸನ್ ಒಟ್ಟು 26 ಬಿಲಿಯನ್ ಡಾಲರ್‌ವರೆಗೆ ಕೊಡಲು ಒಪ್ಪಿದವು. ಆ ಒಪ್ಪಂದದ ಬಳಕೆ ಪಟ್ಟಿಯಲ್ಲಿ ಸಿರಿಂಜ್ ಕೇಂದ್ರಗಳ ಹೆಸರೂ ಇದೆ. ಅದು ಫೆಡರಲ್ ಅನುದಾನವಲ್ಲ, ಆದ್ದರಿಂದ ಸಂಸತ್ತಿನ ಸೂಜಿ ನಿಷೇಧ ಅದಕ್ಕೆ ತಾಗುವುದಿಲ್ಲ. ರಾಜ್ಯದ ನಿಯಮವನ್ನು ಮಾತ್ರ ಕೇಳಿಕೊಳ್ಳಿ. ಕೊಳ್ಳುವಾಗ ನಾರ್ತ್ ಅಮೆರಿಕನ್ ಸಿರಿಂಜ್ ಎಕ್ಸ್‌ಚೇಂಜ್ ನೆಟ್‌ವರ್ಕ್ ನಡೆಸುವ ಸಗಟು ಖರೀದಿ ಕೂಟ ನೋಡಿ. ಅದನ್ನು ಕಟ್ಟಿದ್ದು ಟಕೋಮಾದ ಅದೇ ಮೇಜಿನ ಮನುಷ್ಯ.

ಎರಡು ಜೇಬು ಆದ ಮೇಲೆ ಲೆಕ್ಕವೂ ಎರಡೇ ಇರಲಿ. ಸೂಜಿಗೆ ಬೇರೆ ಆರ್ಡರ್, ಬೇರೆ ಬಿಲ್. ಸೂಜಿ, ಕುಕ್ಕರ್, ಪ್ಯಾಡ್ ಎಲ್ಲ ತುಂಬಿದ ರೆಡಿಮೇಡ್ ಕಿಟ್ ಅನುಕೂಲ ನಿಜ. ಆದರೆ ಅದರ ಬಿಲ್ಲನ್ನು ಫೆಡರಲ್ ಖಾತೆಗೆ ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬಿದ್ದಿರಿ ಅಂತಲೇ. 'ಆಮೇಲೆ ಸರಿಮಾಡೋಣ' ಅಂತ ಸುಮ್ನೆ ಒಂದೇ ಖಾತೆಯಿಂದ ಕಟ್ಟಬೇಡಿ.

ನಮ್ಮಲ್ಲಿ ಹೇಗೆ ಎಂದು ಕೇಳುತ್ತೀರಾ? ಭಾರತದಲ್ಲಿ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳ ಮೂಲಕ ಸೂಜಿ ಸಿರಿಂಜನ್ನೇ ಸರ್ಕಾರದ ಖರ್ಚಿನಲ್ಲಿ ಕೊಡಿಸುತ್ತದೆ. ಮಣಿಪುರ, ನಾಗಾಲ್ಯಾಂಡ್‌ನಂಥ ಕಡೆ ಈ ಕೆಲಸ ದೊಡ್ಡದು. ಎಚ್‌ಐವಿ ತಡೆಯಲು ಹೀಗೆ ಮಾಡುವುದು ಅಪರಾಧವಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ ರಕ್ಷಣೆಯನ್ನೂ ಕೊಟ್ಟಿದೆ. ತಾಳಿಯೂ ಇಲ್ಲಿ ಸರ್ಕಾರದ್ದೇ.

ಅಮೆರಿಕದ ಅರ್ಜಿಗೆ ವಾಪಸ್. ಸೂಜಿಯ ಷರತ್ತು ಬಜೆಟ್ ಮಸೂದೆಗೆ ಅಂಟಿಸಿದ ಒಂದು ಪ್ಯಾರಾ, ಹಾಗಾಗಿ ಬಜೆಟ್ ಬದಲಾದಾಗಲೆಲ್ಲ ಅದೂ ಬದಲಾಗಬಹುದು. 2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವೊಂದು, ಡ್ರಗ್ಸ್ ಬಳಕೆಗೆ ಅನುಕೂಲ ಮಾಡಿಕೊಡುವಂಥ 'ಹಾರ್ಮ್ ರಿಡಕ್ಷನ್' (ಹಾನಿ ತಗ್ಗಿಸುವ) ಕೆಲಸಕ್ಕೆ ಸಾಮ್ಸಾದ ವಿವೇಚನಾ ಅನುದಾನ, ಅಂದರೆ ಯಾರಿಗೆ ಕೊಡಬೇಕೆಂದು ಸಂಸ್ಥೆಯೇ ತೀರ್ಮಾನಿಸುವ ದುಡ್ಡು, ಹೋಗಬಾರದು ಎಂದಿದೆ. ಹೋದ ವರ್ಷದ ಅರ್ಜಿಯನ್ನು ಕಾಪಿ ಮಾಡಿ ತಾರೀಖು ಬದಲಿಸಿ ಕಳಿಸುವ ಅಭ್ಯಾಸ ಇದ್ದರೆ ಬಿಡಿ. ಅನುದಾನದ ಷರತ್ತು ಪತ್ರವನ್ನು ಪ್ರತಿ ಸಲ ಹೊಸದಾಗಿ ಓದಿ. ಅನುಮಾನ ಬಂದ ಸಾಲನ್ನು ಪ್ರಾಜೆಕ್ಟ್ ಆಫೀಸರಿಗೆ ಇಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಸೂಜಿಯ ಬಿಲ್ ಇರುವ ಫೈಲಿಗೇ ಸೇರಿಸಿ.